ತಣ್ಣಗಿದ್ದ ನಾಣ್ಯ

ರೊಟ್ಟಿಯ ಮೇಲಿದ್ದ ಕಂಚಿನ ನಾಣ್ಯವನ್ನು ಎತ್ತಿಕೊಳ್ಳುವ ಮೊದಲು ಡೊಮ್ನೋಸ್ ಅದಕ್ಕೆ ಉಫ್ ಎಂದು ಊದಿದ. ಎದುರಿಗೆ ಕೂತಿದ್ದ ಜೋಟಿಕೋಸನ ಎದೆ ಧಸಕ್ಕೆಂದಿತು.

ಮದುಮಗ ಎತ್ತಿಕೊಳ್ಳಬೇಕಾದ ನಿಶ್ಚಿತಾರ್ಥದ ನಾಣ್ಯ ಅದು, ಬೆಳಗಿನಿಂದ ತಣ್ಣಗೆ ಕೂತಿತ್ತು. ಅದಕ್ಕೂ ಊದುವವರು ಈ ನಿಕೊಮೀಡಿಯಾ ಪಟ್ಟಣದಲ್ಲಿ ಒಂದೇ ಕಸುಬಿನವರು, ನಾಣ್ಯ ಅಚ್ಚೊತ್ತುವ ಟಂಕಸಾಲೆಯವರು. ಕಾಯಿಸಿದ ಬಿಲ್ಲೆಗೆ ಅಚ್ಚು ಹೊಡೆದೂ ಹೊಡೆದೂ ಬೆರಳು ಸುಟ್ಟುಕೊಂಡವರ ಚಾಳಿ. ಟಂಕಸಾಲೆಯಲ್ಲಿ ಹುಟ್ಟಿದವನು ಅಲ್ಲೇ ಸಾಯಬೇಕು, ಅವನ ಮಕ್ಕಳೂ ಅಲ್ಲೇ. ಹೊರಗಿನವರನ್ನು ಮದುವೆಯಾದರೆ ಚಕ್ರವರ್ತಿಯ ಕಾನೂನು ಸುಮ್ಮನೆ ಬಿಡುವುದಿಲ್ಲ. ಇದು ಜೋಟಿಕೋಸನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅಜ್ಜನ ಕಾಲದಿಂದ ಅಲ್ಲಿ ಸುತ್ತಿಗೆ ಹಿಡಿದ ಮನೆ ಅವನದು. ಮಗಳು ಅಂಥೂಸಾ ಒಬ್ಬಳಾದರೂ ಪಾರಾಗಲಿ ಎಂದೇ ಊರಾಚೆಯ ಈ ಬಾಡಿಗೆ ಮನೆ, ತಾನು ಪಾತ್ರೆ ಬಡಿಯುವವನೆಂಬ ಸುಳ್ಳು, ಅಂತಿಯೋಕ್ಯದಿಂದ ಬಂದ ಈ ಕುಂಬಾರ ಹುಡುಗ. ಬೆಳಿಗ್ಗೆ ಅಂಗೈಯ ಕಿಲುಬು ಹೋಗಲೆಂದು ಹುಳಿ ದ್ರಾಕ್ಷಾರಸದಲ್ಲಿ ಕೈ ನೆನೆಸಿ ಕೂತವನನ್ನು ನೋಡಿ ಹೆಂಡತಿ ಕಲ್ಲಿಸ್ತೆ, "ಮದುಮಗ ನೀವೋ ಅವನೋ?" ಎಂದು ನಕ್ಕಿದ್ದಳು.

"ಯಾವ ಟಂಕಸಾಲೆಯೋ ನಿಂದು?" ಜೋಟಿಕೋಸ್ ಹುಡುಗನ ಮಣಿಕಟ್ಟು ಹಿಡಿದ. ನಾಣ್ಯ ನೆಲಕ್ಕುರುಳಿತು.

ಡೊಮ್ನೋಸನ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಂತಿಯೋಕ್ಯದ್ದು, ಮಾವ. ಭೂಕಂಪದಲ್ಲಿ ಟಂಕಸಾಲೆ ಕುಸೀತು. ಸತ್ತವರ ಲೆಕ್ಕಕ್ಕೆ ನನ್ನನ್ನೂ ಸೇರಿಸಿಬಿಟ್ರು. ಓಡಿಬಂದೆ."

"ಹಾಳಾದವನೇ! ಕುಂಬಾರ ಅಂದ್ಯಲ್ಲೋ! ನೀನು ಸಿಕ್ಕಿಬಿದ್ರೆ ನನ್ನ ಮಗಳ ಗತಿ?"

"ನೀವು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ. ನಿಮ್ಮದು ಯಾರ ಹಂಗೂ ಇಲ್ಲದ ಮನೆ. ನನಗೆ ಹುಟ್ಟೋ ಮಕ್ಕಳಾದ್ರೂ ಹಾಗೆ ಬದುಕಲಿ ಅಂತ ಆಸೆಪಟ್ಟೆ. ತಪ್ಪಾ?"

ಕಲ್ಲಿಸ್ತೆ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಈ ಮನೆ ಹಿಡಿದ ದಿನ ಗಂಡ ಆಡಿದ್ದ ಮಾತೂ ಇದೇ. ಜೋಟಿಕೋಸನಿಗೆ ಸಿಟ್ಟು, ಅಳು, ನಾಚಿಕೆ ಒಟ್ಟಿಗೇ ನುಗ್ಗಿ ಬಂತು. ಅಯ್ಯೋ ದೇವರೇ, ಊರೆಲ್ಲ ಅಲೆದು ಹುಡುಕಿ ತಂದದ್ದು ಇವನನ್ನೇ?

"ಎದ್ದು ಹೋಗು," ಎಂದ. "ನಮ್ಮಂಥ ಮರ್ಯಾದಸ್ಥರ ಮನೆಗೆ..."

ಡೊಮ್ನೋಸ್ ಎದ್ದು ಬಾಗಿಲ ಕಡೆ ಹೊರಟ.

"ನಿಲ್ಲಿ, ನಿಮ್ಮ ನಾಣ್ಯ," ಎಂದಳು ಅಮ್ಮನ ಪಕ್ಕದಲ್ಲಿದ್ದ ಅಂಥೂಸಾ, ಅಳುತ್ತಲೇ. ಬಗ್ಗಿ, ಮೇಜಿನ ಕೆಳಗಿದ್ದ ನಾಣ್ಯವನ್ನು ಎತ್ತಿಕೊಳ್ಳುವ ಮೊದಲು ಉಫ್ ಎಂದು ಊದಿದಳು.

ಹೊಸ್ತಿಲಲ್ಲಿ ಡೊಮ್ನೋಸ್ ನಿಂತೇಬಿಟ್ಟ. ಅವನ ಕಣ್ಣು ಅವಳ ತುಟಿಯಿಂದ ಮೆಲ್ಲಗೆ ಅವಳಪ್ಪನ ಕೈಗಳ ಕಡೆ ಹೊರಳಿತು. ಜೋಟಿಕೋಸ್ ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.