ಬಡಗಿಯ ಕೈಗಡಿಯಾರ ಕೂಗಿದ ಬೆಳಗ್ಗೆ

ಸಕ್ಕರೆ ಕಾಯಿಲೆ ಬಂದವರಿಗೆ ಡಾಕ್ಟರು ಹೇಳುವ ಮಾತು ಒಂದೇ: ದಿನಾ ನಡೀರಿ. ಯಾರ ಜೊತೆ ನಡೆಯಬೇಕು ಅನ್ನುವುದನ್ನು ಮಾತ್ರ ಅವರು ಹೇಳುವುದಿಲ್ಲ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ. ಹಾಗಾಗಿ ಊರಿನವರೆಲ್ಲ ಎಡಗೈ ಬಡಗಿ ಅಂತ ಕರೆಯುತ್ತಿದ್ದ ಆ ಮನುಷ್ಯ ದಿನಾ ಬೆಳಗ್ಗೆ ಒಬ್ಬನೇ ನೀರಿನ ಟ್ಯಾಂಕಿನ ಗುಡ್ಡ ಹತ್ತುತ್ತಿದ್ದ. ಗುಡ್ಡ ಇಳಿದವನು ಮನೆಗೆ ಬರದೆ, ತಿಂಡಿ ಡಬ್ಬಿಯ ಸಮೇತ ನೇರವಾಗಿ ತನ್ನ ಮರಗೆಲಸದ ಶೆಡ್ಡಿಗೆ ಹೋಗುತ್ತಿದ್ದ.

ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವವಳು. ಗಂಡ ಒಬ್ಬನೇ ಗುಡ್ಡಕ್ಕೆ ಹೋಗುವುದು ಅವಳಿಗೆ ಇಷ್ಟವಿರಲಿಲ್ಲ. ಹಿಂದಿನ ವರ್ಷ ಅದೇ ಗುಡ್ಡದ ದಾರಿಯಲ್ಲಿ ಡೈರಿಯ ಡ್ರೈವರ್ ಒಬ್ಬ ಓಡುತ್ತಾ ಓಡುತ್ತಾ ಎದೆ ಹಿಡಿದುಕೊಂಡು ಕುಸಿದಿದ್ದ. ಯಾರೋ ದಾರಿಹೋಕರು ಕಂಡು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಉಸಿರು ನಿಂತಿತ್ತು. ಜೇಬಿನಲ್ಲಿ ಫೋನಿಲ್ಲ, ಗುರುತಿನ ಒಂದು ಚೀಟಿಯೂ ಇಲ್ಲ. ಅವನ ಮನೆಯವರು ಊರೆಲ್ಲ ಹುಡುಕುತ್ತಿದ್ದರೆ, ಅವನು ಶವಾಗಾರದಲ್ಲಿ ಯಾರೂ ಇಲ್ಲದವನಂತೆ ಸಂಜೆಯವರೆಗೆ ಮಲಗಿದ್ದ. ಅದನ್ನು ನೆನೆದರೆ ಅವಳಿಗೆ ಹೊಲಿಗೆ ಯಂತ್ರದ ಮೇಲಿನ ಕಾಲು ತಾನಾಗಿ ನಿಲ್ಲುತ್ತಿತ್ತು.

ಈ ಸಂಗತಿ ಕೇಳಿದ ಮೇಲೆಯೇ ಮಗಳು ಅಪ್ಪನಿಗೆ ಒಂದು ಸ್ಮಾರ್ಟ್ ವಾಚು ತಂದುಕೊಟ್ಟಳು.

"ಅಪ್ಪಾ, ನೀನು ಜೋರಾಗಿ ಬಿದ್ರೆ ಇದಕ್ಕೆ ಗೊತ್ತಾಗುತ್ತೆ. ಮೊದಲು ಕೈಮೇಲೆ ನಡುಗಿ, 'ಚೆನ್ನಾಗಿದೀಯಾ' ಅಂತ ಕೇಳುತ್ತೆ. ನೀನು ಉತ್ತರ ಕೊಡ್ಲಿಲ್ಲ ಅಂದ್ರೆ ಅಮ್ಮನ ಫೋನಿಗೆ ಸುದ್ದಿ ಕಳಿಸುತ್ತೆ. ಎಲ್ಲಿ ಬಿದ್ದಿದೀಯ ಅನ್ನೋದನ್ನೂ ನಕ್ಷೆಯಲ್ಲಿ ತೋರಿಸುತ್ತೆ."

"ನಂಗೆ ಯಾಕೆ ಈ ಬೇಡಿ? ಕತ್ತೆಗೆ ಗೊತ್ತೇ ಕಸ್ತೂರಿ ಪರಿಮಳ," ಎಂದು ಬಡಗಿ ಕೈ ಹಿಂದಕ್ಕೆಳೆದುಕೊಂಡ.

"ನೀವೇ ಹೇಳ್ಕೊಂಡ್ರಿ, ನಾನಂತೂ ಅನ್ಲಿಲ್ಲ," ಎಂದಳು ಹೆಂಡತಿ. ಮಗಳು ನಗುತ್ತಲೇ ವಾಚನ್ನು ಅವನ ಎಡಗೈಗೆ ಕಟ್ಟಿದಳು.

ಪಕ್ಕದ ಮನೆಯ ನರ್ಸಕ್ಕ ಬಂದು ಎಲ್ಲವನ್ನೂ ಇನ್ನೊಮ್ಮೆ ಬಿಡಿಸಿ ಹೇಳಿದಳು. ರಾತ್ರಿ ಚಾರ್ಜಿಗೆ ಹಾಕಬೇಕು. ಈ ವಾಚು ಫೋನಿನ ಮೂಲಕವೇ ಸುದ್ದಿ ಕಳಿಸುವುದರಿಂದ ಫೋನು ಜೇಬಿನಲ್ಲಿರಬೇಕು. ತುರ್ತಿಗೆ ಬದಿಯ ಗುಂಡಿಯನ್ನು ಒತ್ತಿ ಹಿಡಿಯಬೇಕು. ಕೊನೆಗೆ ಒಂದು ಮಾತು ಸೇರಿಸಿದಳು: "ಅಣ್ಣಾ, ಸುತ್ತಿಗೆ ಹಿಡಿಯುವಾಗ ಮಾತ್ರ ಬಿಚ್ಚಿಡಿ. ಆ ಏಟನ್ನ ಇದು ಬಿದ್ದಿದ್ದು ಅಂದ್ಕೊಂಡುಬಿಡಬಹುದು."

ಬಡಗಿ ತಲೆಯೇನೋ ಆಡಿಸಿದ. ಆದರೆ ಬೇಡ ಬೇಡ ಅಂದವನಿಗೆ ವಾರ ಕಳೆಯುವಷ್ಟರಲ್ಲಿ ಆ ವಾಚಿನ ಮೇಲೆ ಎಲ್ಲಿಲ್ಲದ ಮೋಹ ಬಂತು. ಬಾಗಿಲು ಮಾಡಿಸಲು ಬಂದವರಿಗೂ ತೋರಿಸಿದ, ಟೀ ಅಂಗಡಿಯವನಿಗೂ ತೋರಿಸಿದ. ತೋಳು ಮುಚ್ಚುವ ಅಂಗಿಯನ್ನೇ ಬಿಟ್ಟ.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಕೆಲಸ ಮಾಡೋವಾಗಾದ್ರೂ ಬಿಚ್ಚಬಾರದಾ?" ಎಂದು ಹೆಂಡತಿ ಕಿಚಾಯಿಸಿದಳು.

"ಮಗಳು ಕಟ್ಟಿದ್ದು ಕಣೇ. ಬಿಚ್ಚಲ್ಲ," ಎಂದ ಅವನು.

ತಪ್ಪು ಶುರುವಾಗಿದ್ದು ಅಲ್ಲಿಂದಲೇ. ಅವನು ಸುತ್ತಿಗೆ ಬೀಸುವುದು ಎಡಗೈಯಲ್ಲಿ, ವಾಚಿದ್ದದ್ದೂ ಎಡಗೈಯಲ್ಲಿ. ಒಂದು ದಿನ ಬಾಗಿಲ ಚೌಕಟ್ಟಿಗೆ ಬಲವಾಗಿ ಬಡಿಯುತ್ತಿದ್ದಾಗ ವಾಚು ಅದನ್ನು ಬಿದ್ದಿದ್ದು ಎಂದೇ ತಿಳಿಯಿತು. ಗರಗಸದ ಯಂತ್ರದ ಗದ್ದಲದಲ್ಲಿ, ಕೆಲಸದ ಭರದಲ್ಲಿ ಅದು ಕೈಮೇಲೆ ನಡುಗಿದ್ದು ಅವನಿಗೆ ತಿಳಿಯಲಿಲ್ಲ. ಇತ್ತ ಹೆಂಡತಿಯ ಫೋನು ಕಿರುಚಿಕೊಂಡಿತು. ಅವಳು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ, ಕಾಲಿಗೆ ಚಪ್ಪಲಿಯೂ ಇಲ್ಲದೆ ಶೆಡ್ಡಿಗೆ ಓಡಿದಳು. ಅಲ್ಲಿ ಗಂಡ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಗುಂಡುಕಲ್ಲಿನ ಹಾಗೆ ನಿಂತಿದ್ದ.

"ಯಾಕೆ, ಏನಾಯ್ತು?"

"ನೀವು ಬಿದ್ದಿದೀರಂತೆ!"

"ಯಾರಂದ್ರು?"

"ನಿಮ್ಮ ಕೈಯೇ ಅಂತು!"

ಶೆಡ್ಡಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ದಿನ ಅವಳೂ ನಕ್ಕಳು. ಎರಡನೆಯ ಸಲ ಓಡಿದಾಗ ಸಿಟ್ಟು ಬಂತು. ಮೂರನೆಯ ಸಲ ಅವಳು ಓಡಲಿಲ್ಲ, ಅವನಿಗೆ ಫೋನು ಮಾಡಿ ಬೈದಳು.

"ತಲೆ ಕೆಡಿಸ್ಕೋಬೇಡ ಬಿಡು," ಎಂದ ಗಂಡ. "ನಾನು ಗುದ್ದಿದಾಗಲೆಲ್ಲ ಅದು ಕೂಗುತ್ತೆ. ನೀನು ಓಡಿ ಬರಬೇಡ."

ಅವಳೂ ಹಾಗೇ ರೂಢಿ ಮಾಡಿಕೊಂಡಳು. ಫೋನು ಕೂಗಿದರೆ ಬಾಯಿ ಮುಚ್ಚಿಸುವುದು, ಮತ್ತೆ ಹೊಲಿಗೆಗೆ ಕೂರುವುದು. ಈ ವಿಷಯ ಮಗಳಿಗೂ ಹೇಳಲಿಲ್ಲ, ನರ್ಸಕ್ಕನಿಗೂ ಹೇಳಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಶಾಲೆ ಮಕ್ಕಳ ಸಮವಸ್ತ್ರಕ್ಕೆ ಅಳತೆ ಕೊಡಿಸಲು ತಾಯಂದಿರು ಬಂದು ಕೂತಿದ್ದರು. ಅವಳ ಕೈಯಲ್ಲಿ ಕತ್ತರಿ ಇತ್ತು. ಫೋನು ಕೂಗಿತು.

"ಯಾರೋ ಕರೀತಿದಾರೆ ನೋಡಮ್ಮ," ಎಂದಳು ಒಬ್ಬ ತಾಯಿ.

"ನಮ್ಮ ಯಜಮಾನ್ರು ಇವತ್ತು ಬೇಗ ಸುತ್ತಿಗೆ ಹಿಡಿದಿದಾರೆ ಅಷ್ಟೆ," ಎಂದು ಅವಳು ಫೋನಿನ ಸದ್ದಡಗಿಸಿ, ನೀಲಿ ಬಟ್ಟೆಯ ರಾಶಿಯ ಅಡಿಗೆ ತಳ್ಳಿದಳು. ಬಂದಿದ್ದ ಸುದ್ದಿಯನ್ನು ತೆರೆದೂ ನೋಡಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಗಂಡನ ಪಾಲುದಾರ ಬಾಗಿಲಲ್ಲಿ ಬಂದು ನಿಂತ. ಅವನು ಬೆಳಗ್ಗೆಯಿಂದ ಯಾರದೋ ಮನೆಗೆ ಬಾಗಿಲು ಕೂರಿಸಲು ಹೋಗಿದ್ದವನು.

"ಅತ್ತಿಗೆ, ಅಣ್ಣ ಇವತ್ತು ರಜಾನಾ? ಶೆಡ್ಡಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇದೆ."

ಅವಳು ಕತ್ತರಿ ಬಿಟ್ಟು, ಬಟ್ಟೆಯ ರಾಶಿಯನ್ನು ಕೆದರಿ ಫೋನು ತೆಗೆದಳು. ನಕ್ಷೆಯ ಮೇಲೆ ಕೆಂಪು ಚುಕ್ಕೆ ಇತ್ತು. ಆ ಚುಕ್ಕೆ ಶೆಡ್ಡಿನ ಮೇಲಿರಲಿಲ್ಲ, ಟ್ಯಾಂಕಿನ ಗುಡ್ಡದ ಹಿಂಬದಿಯಲ್ಲಿತ್ತು.

"ನರ್ಸಕ್ಕಾ!" ಎಂದು ಅವಳು ಕೂಗಿದ ಕೂಗು ಇಡೀ ಬೀದಿಗೆ ಕೇಳಿಸಿತು.

ನರ್ಸಕ್ಕ ಮೊದಲು ಆಂಬುಲೆನ್ಸಿಗೆ ಫೋನು ಮಾಡಿ ಜಾಗ ಹೇಳಿದಳು, ಆಮೇಲೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ಚುಕ್ಕೆ ತೋರಿಸಿದ ಕಡೆ ಮಳೆನೀರು ಹರಿಯುವ ಆಳವಾದ ಒಣ ಚರಂಡಿ ಇತ್ತು. ಇಬ್ಬನಿಗೆ ನೆಂದ ಕಲ್ಲಿನ ಮೇಲೆ ಕಾಲು ಜಾರಿ ಬಡಗಿ ಅದರೊಳಗೆ ಬಿದ್ದಿದ್ದ. ಹಣೆ ಒಡೆದು ರಕ್ತ ಒಣಗಿತ್ತು. ಎಡಗೈ ಮೊಣಕೈಯಲ್ಲಿ ಮುರಿದು ಮೈಯಡಿ ಸಿಕ್ಕಿತ್ತು. ಜೇಬಿನಿಂದ ಜಾರಿದ ಫೋನು ಅವನ ಕೈಗೆ ಎಟುಕದಷ್ಟು ಆಚೆ ಬಿದ್ದಿತ್ತು. ದಾರಿಯಲ್ಲಿ ಹೋಗುವವರಿಗೆ ಅವನು ಕಾಣುವಂತೆಯೇ ಇರಲಿಲ್ಲ.

ಅವಳು ಚರಂಡಿಗಿಳಿದು ಅವನ ಮುಖವನ್ನು ಹಿಡಿದುಕೊಂಡಳು. ಅವನು ಕಣ್ಣು ಬಿಟ್ಟ.

"ಬಂದ್ಯಾ?" ಎಂದ. ಒಣಗಿದ ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. "ವಾಚು ಕೂಗ್ತು. ನಿಂಗೆ ಸುದ್ದಿ ಹೋಯ್ತು ಅಂತ ಗೊತ್ತಾಯ್ತು. ಇನ್ನೇನು ಬರ್ತಾಳೆ, ಇನ್ನೇನು ಬರ್ತಾಳೆ ಅಂತ ಮಲಗಿದ್ದೆ. ಆಮೇಲೆ ಮಂಪರು ಹತ್ತಿಬಿಡ್ತು."

ಅವಳಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಬೇಡಿ ಎಂದು ಜರೆದಿದ್ದ ವಾಚನ್ನು ಅವನು ನಂಬಿದ್ದ. ಅದು ತನ್ನ ಕೆಲಸ ಮಾಡಿತ್ತು. ಮಾಡದೆ ಹೋದವಳು ತಾನು. "ನಾನು ಸುಳ್ಳು ಕರೆ ಅಂದ್ಕೊಂಡೆ ಕಣ್ರೀ," ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಜೀವ ಉಳಿಯಿತು. ಕೈ ಪೂರ್ತಿಯಾಗಿ ಉಳಿಯಲಿಲ್ಲ. ಮುರಿದ ಮೊಣಕೈ ಅಷ್ಟು ಹೊತ್ತು ಮೈಭಾರದಡಿ ಸಿಕ್ಕಿ ಬೆರಳುಗಳ ಕಡೆಗೆ ರಕ್ತ ಸರಿಯಾಗಿ ಓಡಿರಲಿಲ್ಲ. ಬೆಳಗ್ಗೆಯೇ ಕರೆತಂದಿದ್ದರೆ ಕೈಯನ್ನು ಪೂರ್ತಿ ಉಳಿಸಬಹುದಿತ್ತು ಎಂದರು ಡಾಕ್ಟರು. ತಿಂಗಳುಗಳು ಕಳೆದರೂ ಅವನ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಇಡೀ ಊರಿನ ಬಾಗಿಲುಗಳಿಗೆ ಚೌಕಟ್ಟು ಹೊಡೆದ ಕೈ ಈಗ ಸುತ್ತಿಗೆಯನ್ನು ಬಿಗಿಯಾಗಿ ಹಿಡಿಯಲಾರದು. ಅವನು ಈಗ ಶೆಡ್ಡಿನಲ್ಲಿ ಅಳತೆ ಹಾಕಿ ಗುರುತು ಮಾಡಿಕೊಡುತ್ತಾನೆ, ಬಡಿಯುವ ಕೆಲಸ ಪಾಲುದಾರನದು.

ಅವನು ಮನೆಗೆ ಬಂದ ಮೇಲೆ ಒಂದು ಸಂಜೆ ನರ್ಸಕ್ಕ ಎಲ್ಲರನ್ನೂ ಕೂರಿಸಿಕೊಂಡಳು. ಹೆಂಡತಿ ತಲೆ ಬಗ್ಗಿಸಿ ಕೂತಿದ್ದಳು.

"ಈ ವಾಚನ್ನ ಎತ್ತಿ ಬಿಸಾಕಿಬಿಡೋಣ ಅನ್ಸುತ್ತೆ ಅಕ್ಕ. ಅದನ್ನ ಕಂಡ್ರೆ ನಂಗೆ ಆ ಚರಂಡೀನೇ ಕಾಣುತ್ತೆ."

"ಬಿಸಾಕಿದ್ರೆ ನಾಳೆ ಇವರು ಎಲ್ಲಿ ಬಿದ್ರು ಅಂತ ಯಾರು ಹೇಳ್ತಾರೆ?" ಎಂದಳು ನರ್ಸಕ್ಕ. "ಅವತ್ತು ಆ ಚುಕ್ಕೆ ಇಲ್ಲದಿದ್ರೆ ನಾವು ಸಂಜೆವರೆಗೂ ಹುಡುಕ್ತಿದ್ವಿ. ತಪ್ಪು ಆಗಿದ್ದು ಎಲ್ಲಿ ಹೇಳಿ? ಸುಳ್ಳು ಕರೆ ಬಂದ ಮೊದಲ ದಿನವೇ ಅದನ್ನ ಸರಿ ಮಾಡ್ಕೋಬೇಕಿತ್ತು. ಸರಿ ಮಾಡೋದು ಬಿಟ್ಟು, ಕಿವಿ ಮುಚ್ಕೊಳ್ಳೋದನ್ನ ಕಲ್ತ್ರಿ."

"ನಂದೂ ತಪ್ಪಿದೆ," ಎಂದ ಬಡಗಿ. "ಬಿಚ್ಚಿಡು ಅಂತ ನೀವು ಹೇಳಿದ್ರಿ, ಜಂಬದಲ್ಲಿ ನಾನು ಕೇಳ್ಲಿಲ್ಲ. ಓಡಿ ಬರಬೇಡ ಅಂತ ಇವಳಿಗೆ ಹೇಳ್ದವನೂ ನಾನೇ. ಇವಳೊಬ್ಬಳ ಮೇಲೆ ಹೊರೆ ಹಾಕಬೇಡಿ."

ಮಗಳು ಅಲ್ಲೇ ಕೂತು ವಾಚಿನಲ್ಲಿ ತನ್ನ ನಂಬರನ್ನೂ ನರ್ಸಕ್ಕನ ನಂಬರನ್ನೂ ಸೇರಿಸಿದಳು. ಅಪ್ಪನ ಹೆಸರು, ಕಾಯಿಲೆ, ನುಂಗುವ ಮಾತ್ರೆ ಎಲ್ಲವನ್ನೂ ಅದರೊಳಗೆ ತುಂಬಿದಳು. ಮನೆಯವರೆಲ್ಲ ಒಂದು ಮಾತಿಗೆ ಬಂದರು: ಶೆಡ್ಡಿನಲ್ಲಿ ವಾಚು ಬಿಚ್ಚಿಡುವುದು, ಗುಡ್ಡಕ್ಕೆ ಹೊರಟಾಗ ತಪ್ಪದೆ ಕಟ್ಟುವುದು. ಸುದ್ದಿ ಬಂದರೆ ಮೊದಲು ನಕ್ಷೆ ನೋಡಿ, ಕೂಡಲೇ ಅವನಿಗೆ ಫೋನು ಮಾಡುವುದು. ಅವನು ಎತ್ತದಿದ್ದರೆ ಆಂಬುಲೆನ್ಸಿಗೆ ಹೇಳಿ, ಕೈಲಿರುವ ಕೆಲಸ ಅಲ್ಲೇ ಬಿಟ್ಟು ಹೊರಡುವುದು.

ಬಡಗಿ ಈಗ ಮತ್ತೆ ನಡೆಯಲು ಹೋಗುತ್ತಾನೆ. ಹೊರಡುವ ಮುಂಚೆ ಎಡ ಅಂಗೈಯಲ್ಲಿ ವಾಚಿಟ್ಟುಕೊಂಡು ಹೆಂಡತಿಯ ಮುಂದೆ ಬಲಗೈ ಚಾಚುತ್ತಾನೆ. ಎಡಗೈಯ ಬೆರಳಿಗೆ ಪಟ್ಟಿ ಬಿಗಿಯಲು ಬಾರದ್ದರಿಂದ ಅವಳೇ ಕಟ್ಟುತ್ತಾಳೆ. ಪ್ರತಿ ಬೆಳಗ್ಗೆಯೂ ಆ ಮಡಚದ ಬೆರಳುಗಳನ್ನು ಅವಳು ನೋಡಲೇಬೇಕು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ ನಿಮ್ಮ ಮನೆಯಲ್ಲಿ ಆಗುವುದು ಬೇಡ. ನಿಮ್ಮವರು ಒಬ್ಬರೇ ನಡೆಯಲು, ಓಡಲು, ಸೈಕಲ್ ತುಳಿಯಲು ಹೋಗುತ್ತಾರೆಯೇ? ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಅಂತ ಕೇಳಿಟ್ಟುಕೊಳ್ಳಿ. ಕೈಗೆ ಇಂಥ ವಾಚಿದ್ದರೆ ಚಾರ್ಜು ಇದೆಯೇ, ಅದರಲ್ಲಿ ಯಾರ ನಂಬರು ಇದೆ ಅಂತ ಇವತ್ತೇ ನೋಡಿ, ಎಲ್ಲರೂ ಕೂತು ಒಮ್ಮೆ ಪರೀಕ್ಷೆ ಮಾಡಿ. ವಾಚಿಲ್ಲದವರು ಫೋನಿನಲ್ಲೇ ತಾವಿರುವ ಜಾಗವನ್ನು ಮನೆಯವರಿಗೆ ಕಾಣುವಂತೆ ಮಾಡಿಟ್ಟು ಹೊರಡಿ, ಜೇಬಿನಲ್ಲಿ ಹೆಸರು, ನಂಬರು ಬರೆದ ಚೀಟಿ ಇರಲಿ. ಯಂತ್ರ ಕೂಗಬಲ್ಲದು, ಓಡಿ ಬರಲಾರದು. ಓಡಬೇಕಾದವರು ನೀವು. ಕರೆ ಸುಳ್ಳಾದರೆ ಬೈದುಕೊಂಡು ಮನೆಗೆ ಬರಬಹುದು. ನಿಜವಾದರೆ, ಅಲ್ಲೊಬ್ಬರು ನೀವು ಬಂದೇ ಬರುತ್ತೀರಿ ಅಂತ ನಂಬಿ ಮಲಗಿರುತ್ತಾರೆ.