ಪವಿತ್ರದ ಬೆರಳು

ಮಧ್ವೇಶನ ಬಲಗೈಯಲ್ಲಿ ಪವಿತ್ರ ತೊಡುವ ಉಂಗುರದ ಬೆರಳೇ ಇರಲಿಲ್ಲ. ಗ್ರೀನ್‌ಲ್ಯಾಂಡಿನ ಹಿಮ ಅದನ್ನೂ ಪಕ್ಕದ ಕಿರುಬೆರಳನ್ನೂ ತಿಂದುಹಾಕಿತ್ತು. ಉಳಿದವು ನೋಡುವುದಕ್ಕೆ ನೆಟ್ಟಗಿದ್ದವು, ಅಷ್ಟೆ. ಬಿಸಿ, ತಂಪು ಯಾವುದೂ ಅವಕ್ಕೆ ಗೊತ್ತಾಗುತ್ತಿರಲಿಲ್ಲ.

"ಮೋಟು ಇದೆಯಲ್ಲ ಆಚಾರ್ರೇ, ಅದಕ್ಕೇ ಕಟ್ಟಿಬಿಡಿ," ಎಂದ.

ಗೋವಿಂದಾಚಾರ್ಯರು ದರ್ಭೆಯ ಉಂಗುರ ಹಿಡಿದುಕೊಂಡೇ ಅವನ ಅಪ್ಪ ವ್ಯಾಸರಾಯರ ಮುಖ ನೋಡಿದರು. ಅಮ್ಮ ರುಕ್ಮಿಣಮ್ಮನ ಮೊದಲ ವರ್ಷದ ಶ್ರಾದ್ಧ ಅಂದು. ಕೊಯಮತ್ತೂರಿನ ಆರ್.ಎಸ್. ಪುರದ ಆ ಮನೆಯಲ್ಲಿ ಮಧ್ವೇಶನ ಹೆಂಡತಿ ಶ್ರೀಪ್ರಿಯಾ ಬೆಳಗಿನಿಂದ ಒದ್ದೆ ಸೀರೆಯಲ್ಲೇ ಮಡಿ ಅಡುಗೆಗೆ ನಿಂತಿದ್ದಳು.

"ಹಟ ಬೇಡಪ್ಪಾ," ಎಂದರು ಆಚಾರ್ಯರು. "ಕೈಲಾಗದವರು ಒಂದು ದರ್ಭೆ ಕೊಟ್ಟು ಇನ್ನೊಬ್ಬರ ಹತ್ರ ಮಾಡಿಸಬಹುದು. ತಪ್ಪೇನಿಲ್ಲ. ಅಪ್ಪ ಇದಾರಲ್ಲ."

"ಇಲ್ಲ. ನಾನೇ ಮಾಡ್ಬೇಕು."

"ವರ್ಷವೆಲ್ಲ ನಾನೇ ಮಾಡಿದೀನಿ," ಎಂದರು ವ್ಯಾಸರಾಯರು. "ಇದೊಂದು ಮಾಡಿದ್ರೆ ನನ್ನ ಕೈಯೇನು ಸವೆದುಹೋಗುತ್ತಾ? ನೀನು ಪೆರಿಯ ವೀರ, ದೊಡ್ಡ ಶೂರ ಅಂತ ಊರಿಗೇ ಗೊತ್ತು. ಇಲ್ಲೂ ತೋರಿಸ್ಬೇಕಾ?"

ಮಧ್ವೇಶ ಮೋಟನ್ನು ಆಚಾರ್ಯರತ್ತ ಚಾಚಿಯೇ ಇದ್ದ. ಅಪ್ಪನ ಮಾತಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಒಂದು ಕಾಲದಲ್ಲಿ ರೈಲ್ವೆ ತಂಡದ ಓಟಗಾರನಾಗಿದ್ದವನು ಅವನು. ಮಂಡಿ ಕೈಕೊಟ್ಟು ಓಟ ನಿಂತ ಮೇಲೆ ಮನೆಯಲ್ಲಿ ಕೂರಲಾರದೆ ಬೆಟ್ಟ ಹತ್ತಿದ, ಆಮೇಲೆ ಹಿಮದ ಹುಚ್ಚು ಹಿಡಿಯಿತು. ಸೊಂಟಕ್ಕೆ ಸಾಮಾನಿನ ಜಾರುಬಂಡಿ ಕಟ್ಟಿಕೊಂಡು ಆ ಬಿಳಿ ಬಯಲನ್ನು ಆಚೆಯಿಂದ ಈಚೆಗೆ ದಾಟುತ್ತೇನೆಂದು ಹೊರಟ. ದಾಟಿಯೂ ದಾಟಿದ. ಅವನು ನಟ್ಟನಡುವೆ ಇದ್ದಾಗ ಇಲ್ಲಿ ಅಮ್ಮ ತುಳಸಿಗೆ ನೀರು ಹಾಕುತ್ತಾ ಹಾಗೇ ಕುಸಿದು ಪ್ರಾಣ ಬಿಟ್ಟಿದ್ದಳು. ಹೇಳಿದರೆ ಅರ್ಧದಲ್ಲೇ ತಿರುಗಿ ಬರುತ್ತಾನೆ, ಇಷ್ಟು ವರ್ಷದ ಪಾಡೆಲ್ಲ ಮಣ್ಣಾಗುತ್ತದೆ ಎಂದು ವ್ಯಾಸರಾಯರು ಯಾರಿಗೂ ಹೇಳಲು ಬಿಡಲಿಲ್ಲ. ಸ್ಯಾಟಲೈಟ್ ಫೋನಿನಲ್ಲಿ ಅವನು ಕೇಳಿದಾಗಲೆಲ್ಲ ಶ್ರೀಪ್ರಿಯಾ, "ಅತ್ತೆ ತೂಂಗ್ತಾ ಇದಾರೆ," ಎಂದು ನಿದ್ದೆಯ ನೆಪ ಹೇಳುತ್ತಿದ್ದಳು.

ಅವನು ತಿರುಗಿ ಬಂದ ದಿನ ಕೊಯಮತ್ತೂರಿನ ವಿಮಾನ ನಿಲ್ದಾಣಕ್ಕೆ, ಯಾತ್ರೆಯ ಖರ್ಚು ಹೊತ್ತಿದ್ದ ಕಾಂಗೇಯದ ಎಣ್ಣೆ ಗಿರಣಿಯ ಕುಪ್ಪಸಾಮಿ ಡೋಲಿನವರನ್ನು ಕರೆಸಿದ್ದರು. ಕೊರಳ ತುಂಬ ಮಾಲೆ ಬಿದ್ದ ಮೇಲೆಯೇ ಗುಂಪಿನ ಹಿಂದೆ ಅಪ್ಪ ಕಂಡದ್ದು. ಬೋಳಿಸಿದ ತಲೆಯಲ್ಲಿ ಆಗತಾನೇ ಮೊಳೆಯುತ್ತಿದ್ದ ಬಿಳಿ ಕೂದಲು. ಯಾರೂ ಏನೂ ಹೇಳಬೇಕಾಗಲಿಲ್ಲ.

ಆಮೇಲೆ ಆಸ್ಪತ್ರೆ. ಬೆರಳು ಹೋಯಿತು, ಕಾಲಿನದೂ ಕೆಲವು ಹೋದವು. ಗಾಯ ಹಸಿ ಇರುವವನು ಕರ್ಮಕ್ಕೆ ಕೂರುವಂತಿಲ್ಲ. ತಿಂಗಳು ತಿಂಗಳಿನ ಮಾಸಿಕವನ್ನೂ ಅಪ್ಪನೇ ಮಾಡಿದರು. ಇವನೋ, ಶ್ರೀಪ್ರಿಯಾ ಗುಂಡಿ ಹಾಕಿಕೊಟ್ಟ ಷರಟು ತೊಟ್ಟು ಇಂಜಿನಿಯರಿಂಗ್ ಕಾಲೇಜುಗಳಿಗೆ ಭಾಷಣಕ್ಕೆ ಹೋಗುತ್ತಿದ್ದ. ನೋವೆನ್ನುವುದು ಮನಸ್ಸಿನದು, ನಿಲ್ಲಬೇಡಿ ಎಂದರೆ ಹುಡುಗರು ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಬಂದರೆ ಗೋಡೆಗೆ ಮುಖಮಾಡಿ ಮಲಗುತ್ತಿದ್ದ. ಅವನ ಕೈಯಿಂದ ಅಮ್ಮನಿಗೆ ಸೇರಬೇಕಾದದ್ದು ಒಂದೂ ಸೇರಿರಲಿಲ್ಲ. ಈ ವರ್ಷದ್ದಾದರೂ ಸೇರಲಿ ಎಂಬ ಆಸೆಯೊಂದೇ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಆಚಾರ್ಯರು ನಿಟ್ಟುಸಿರು ಬಿಟ್ಟು ಪವಿತ್ರವನ್ನು ಮೋಟಿಗೆ ಸುತ್ತಿ ಬಿಗಿದರು.

ಸಂಕಲ್ಪ, ಹೋಮ, ಎಲ್ಲ ಸಾಂಗವಾಗಿ ನಡೆಯಿತು. ಬ್ರಾಹ್ಮಣರ ಊಟವಾಗುತ್ತಲೇ ಶ್ರೀಪ್ರಿಯಾ ಪಿಂಡದ ಅನ್ನವನ್ನು ಒಲೆಯಿಂದ ನೇರ ತಂದಿಟ್ಟಳು. ಹಬೆ ಏಳುತ್ತಿತ್ತು.

"ಕೊಂಚ ಆರಲಿ," ಎಂದರು ಆಚಾರ್ಯರು.

"ಪರವಾಗಿಲ್ಲ, ನನಗೆ ಸುಡಲ್ಲ."

ಎಳ್ಳು, ತುಪ್ಪ ಬೆರೆಸಿ ಅನ್ನ ಹಿಡಿದ. ಎಷ್ಟು ಒತ್ತಿದರೆ ಉಂಡೆ ನಿಲ್ಲುತ್ತದೆಂದು ಕೈ ಹೇಳುತ್ತಿರಲಿಲ್ಲ. ಸಡಿಲ ಬಿಟ್ಟರೆ ಉದುರಿತು. ಮತ್ತೆ ಬಾಚಿಕೊಂಡು, ಹಲ್ಲು ಕಚ್ಚಿ, ಹಿಮದಲ್ಲಿ ಬಂಡಿಯ ಹಗ್ಗ ಹಿಡಿದ ಹಾಗೆ ಒತ್ತಿದ. ಮೊದಲನೆಯ ಪಿಂಡ, ಅಮ್ಮನದು, ದುಂಡಗೆ ನಿಂತಿತು. ವರ್ಷದಲ್ಲಿ ಮೊದಲ ಸಲ ಅವನ ಎದೆಯೊಳಗೆ ಏನೋ ಸಡಿಲವಾಯಿತು. ಅದನ್ನು ದರ್ಭೆಯ ಮೇಲಿಡಲು ಕೈ ನೀಡಿದ.

"ನೋಡಿ... ನಿಮ್ಮ ಕೈ," ಎಂದಳು ಶ್ರೀಪ್ರಿಯಾ, ಬಾಗಿಲಿನಿಂದಲೇ.

ಪಿಂಡದ ಒಂದು ಮಗ್ಗುಲು ಕೆಂಪಗಾಗಿತ್ತು. ಮೋಟಿನ ಎಳೆಚರ್ಮ ಬೆಂದು ಒಡೆದು, ರಕ್ತ ಪವಿತ್ರದ ಸಂದಿಯಿಂದ ಅನ್ನಕ್ಕಿಳಿಯುತ್ತಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

"ಇಡಬೇಡ," ಎಂದರು ಆಚಾರ್ಯರು ಮೆಲ್ಲಗೆ. "ರಕ್ತ ಸೋಕಿದ್ದು ಪಿತೃಗಳಿಗೆ ಮುಟ್ಟಲ್ಲ."

"ಒರೆಸ್ಕೋತೀನಿ. ಬಟ್ಟೆ ಕಟ್ಕೊಂಡು ಇನ್ನೊಂದು ಹಿಡೀತೀನಿ ಆಚಾರ್ರೇ. ನೋವೇ ಇಲ್ಲ, ನೋಡಿ."

"ಅದೇಪ್ಪಾ ತೊಂದರೆ."

ವ್ಯಾಸರಾಯರು ಎದ್ದುಬಂದು ಮಗನ ಕೈಯಿಂದ ಪಿಂಡ ಬಿಡಿಸಿಕೊಂಡರು. ಬೈಯುತ್ತಾರೆಂದುಕೊಂಡಿದ್ದ. ಬೈಯಲಿಲ್ಲ. "ಬಿಡ್ರಾ ಮಧ್ವಾ," ಎಂದರು. "ಸಾಕು. ಹೊತ್ತು ಮೀರುತ್ತೆ. ರುಕ್ಮಿಣಿ ಹಸಿದಿರ್ತಾಳೆ."

ಆಚಾರ್ಯರು ಒಂದು ದರ್ಭೆ ಎತ್ತಿಕೊಟ್ಟರು. ಮಧ್ವೇಶ ಅದನ್ನು ಎಡಗೈಯಲ್ಲೇ ಈಸಿಕೊಂಡು ಅಪ್ಪನಿಗೆ ಕೊಟ್ಟ. ಎಡಗೈಯಲ್ಲಿ ಕೊಡಬಾರದೆಂದು ಯಾರೂ ಅನ್ನಲಿಲ್ಲ. ಶ್ರೀಪ್ರಿಯಾ ಬೇರೆ ಅನ್ನಕ್ಕೆ ನೀರಿಟ್ಟಳು. ಅದು ಬೇಯುವಷ್ಟರಲ್ಲಿ ಮಧ್ವೇಶ ಕೈ ತೊಳೆದು ಬಟ್ಟೆ ಸುತ್ತಿಕೊಂಡ.

ಗೋಡೆಗೊರಗಿ ಕೂತ ಮಧ್ವೇಶನಿಗೆ ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ವರ್ಷವೆಲ್ಲ ಹೇಳಿದ ಅಭ್ಯಾಸದಲ್ಲಿ ವ್ಯಾಸರಾಯರು ಪಿಂಡ ಹಿಡಿದು, "ಮಮ ಪತ್ನೀ..." ಎಂದು ಶುರುಮಾಡಿದರು.

"ಹಾಗಲ್ಲ," ಎಂದು ಆಚಾರ್ಯರು ತಡೆದರು. "ಈಗ ಮಗನ ಪರವಾಗಿ ಮಾಡ್ತಿದೀರಿ. ಹೆಂಡತಿ ಅನ್ನಬಾರದು. ಇವನ ತಾಯಿ ಅನ್ನಿ."

ವ್ಯಾಸರಾಯರು ಬಾಯಿ ತೆರೆದರು. ಹೇಳದೆ, ಪಿಂಡ ಹಿಡಿದುಕೊಂಡೇ ಮಗನತ್ತ ತಿರುಗಿದರು. ಆಚಾರ್ಯರು ಇನ್ನೊಮ್ಮೆ ಹೇಳಿಕೊಟ್ಟರು. ಆ ಮಾತನ್ನು ಹೇಳಬೇಕಾದವನು ಹಿಂದೆ ಗೋಡೆಗೊರಗಿ ಕೂತೇ ಇದ್ದ.