ಬೇಡ ಅಂದವರಿಗೇ ಬಡಿಸುವ ಹೋಟೆಲು

ರಮಾಕಾಂತನಿಗೆ ಆ ಕೆಲಸ ಬೇಕಾಗಿತ್ತು. ಬೇಕೇ ಬೇಕಾಗಿತ್ತು. ಮೈಸೂರಿನಿಂದ ಅಡಿಲೇಡಿಗೆ ಬಂದು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಬೇರೆಯವರ ತಪ್ಪು ತಿದ್ದುತ್ತ ಕೂತವನಿಗೆ ಟೀಮ್ ಲೀಡ್ ಆಗುವ ಆಸೆ ಹುಟ್ಟಿದ್ದರಲ್ಲಿ ಅತಿಶಯವೇನಿಲ್ಲ. ಬುಧವಾರ ಬೆಳಿಗ್ಗೆ ಮ್ಯಾನೇಜರ್ ಕ್ರೇಗ್ ಕಾಫಿ ಮೆಷಿನ್ನಿನ ಮುಂದೆ ನಿಂತು, “ರಾಮ್, ಟೀಮ್ ಲೀಡ್ ಆಗ್ತೀಯಾ?” ಎಂದು ಕೇಳಿಯೂ ಕೇಳಿದ. ರಮಾಕಾಂತನ ಎದೆ ಹಿಗ್ಗಿತು. ಬಾಯಿ ಮಾತ್ರ, “ಅಯ್ಯೋ, ನಂಗ್ಯಾಕೆ ಬಿಡಿ, ಇನ್ನೂ ಸೀನಿಯರ್ಸ್ ಇದಾರಲ್ಲ” ಎಂದಿತು.

“ನೋ ವರೀಸ್, ಮೇಟ್,” ಎಂದು ಕ್ರೇಗ್ ತನ್ನ ಕಾಫಿ ಹಿಡಿದು ಹೊರಟೇಹೋದ.

ಹೊರಟುಹೋಗುವುದೇ! ಹೀಗೂ ಉಂಟೇ? ಒಬ್ಬ ಬೇಡ ಎಂದರೆ ಇನ್ನೊಬ್ಬ, “ಹಾಗನ್ಬೇಡಿ, ನೀವೇ ಆಗ್ಬೇಕು” ಎನ್ನಬೇಕು. ಇವನು ಮತ್ತೆ ಬೇಡ ಎನ್ನಬೇಕು, ಅವನು ಕೈ ಹಿಡಿದುಕೊಳ್ಳಬೇಕು, ಆಮೇಲೆ ತಾನೇ ಒಪ್ಪುವುದು? ಈ ದೇಶದಲ್ಲಿ ಒಂದು ಸಲ ಬೇಡ ಎಂದರೆ ಮುಗಿಯಿತು, ನಂಬಿಯೇಬಿಡುತ್ತಾರೆ. ರಮಾಕಾಂತ ಹೀಗೆ ಬೇಡ ಎಂದೇ ಆಫೀಸಿನ ಅದೆಷ್ಟೋ ಕೇಕು ಕಳೆದುಕೊಂಡಿದ್ದ. ಸುಡುಬಿಸಿಲಿನಲ್ಲಿ ಕಾರು ನಿಲ್ಲಿಸಿ “ಡ್ರಾಪ್ ಕೊಡಲಾ?” ಎಂದವರಿಗೆ ಬೇಡ ಎಂದು, ಅವರು ನಿಜಕ್ಕೂ ಹೋಗುವುದನ್ನು ಬಾಯಿ ಬಿಟ್ಟು ನೋಡುತ್ತ ನಿಂತಿದ್ದ.

ಸಂಜೆ ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ಸೌಜನ್ಯ ಹಣೆ ಚಚ್ಚಿಕೊಂಡಳು. “ರೀ, ಆಫೀಸು ಅಂದ್ರೆ ಮದುವೆಮನೆ ಪಂಕ್ತಿ ಅನ್ಕೊಂಡ್ರಾ? ನಾಳೆನೇ ಹೋಗಿ ಬೇಕು ಅಂತ ಹೇಳ್ಬಿಡಿ.”

“ಬಾಯಿ ಬಿಟ್ಟು ಕೇಳೋದಾ? ಲಾಡು ಬಡಿಸೋನ ಕೂಗಿ ಕರೆದ ಹಾಗಾಗಲ್ವೇನೇ?”

“ಲಾಡು ಪಕ್ಕದೆಲೆಗೆ ಹೋಗತ್ತೆ, ನೋಡ್ತಾ ಕೂತಿರಿ.”

ಗುರುವಾರವೆಲ್ಲ ರಮಾಕಾಂತ ಕ್ರೇಗನ ಕೋಣೆಯ ಮುಂದೆ ಸುಳಿದಾಡಿದ. ಕ್ರೇಗ್ ತಲೆ ಎತ್ತಿದಾಗಲೆಲ್ಲ ಹಲ್ಲು ಕಿರಿದು ಮುಂದೆ ಹೋದ. ಶುಕ್ರವಾರ ಟೀಮಿನವರೆಲ್ಲ ಊಟಕ್ಕೆ ಹೊರಟಾಗ ಕ್ರೇಗ್ ಕಾರಿನಲ್ಲಿ ಆರಾಮಾಗಿ ಹೇಳಿದ: “ಊಟ ಆದ್ಮೇಲೆ ಪಕ್ಕದ ಟೀಮಿನ ಡ್ಯಾರೆನ್‌ಗೆ ಫೋನ್ ಮಾಡಿ ಆ ಕೆಲಸ ಅವನಿಗೇ ಕೊಟ್ಬಿಡ್ತೀನಿ.” ರಮಾಕಾಂತ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಹೋದದ್ದು ಮಾಡ್ಬರಿ ಎಂಬ ಬಡಾವಣೆಯ ಮಾಲಿನ ಹಿಂದಿನ ರಸ್ತೆಯ ಗ್ರೀಕ್ ಹೋಟೆಲಿಗೆ. ಒಂದು ಪಕ್ಕ ಪಂಜಾಬಿ ದಿನಸಿ ಅಂಗಡಿ, ಇನ್ನೊಂದು ಪಕ್ಕ ವಿಯೆಟ್ನಾಮಿನವರ ಬೇಕರಿ. ಒಳಗೆ ಮೇಜಿನ ಮೇಲೆ ನೀಲಿ ಪ್ಲಾಸ್ಟಿಕ್ ಹಾಸು, ಗೋಡೆಯ ಟೀವಿಯಲ್ಲಿ ಫುಟ್‌ಬಾಲು. ಒಡತಿ ಸ್ಟಾವ್ರೂಲಾ ಆಂಟಿಗೆ ಎಪ್ಪತ್ತು ದಾಟಿತ್ತು, ಆದರೂ ಬಡಿಸುವ ಕೆಲಸವನ್ನು ಯಾರಿಗೂ ಬಿಟ್ಟವರಲ್ಲ. ರಮಾಕಾಂತ ಮಾಂಸ ತಿನ್ನುವುದಿಲ್ಲ ಎಂದು ತಿಳಿದದ್ದೇ ಟೊಮ್ಯಾಟೊದಲ್ಲಿ ಬೇಯಿಸಿದ ಬಿಳಿ ಕಾಳು ತಂದು ಸುರಿದರು. ನಮ್ಮ ಅವರೆಕಾಳಿನ ಅಣ್ಣನಂತಿದ್ದ ಕಾಳು. ದುಃಖದಲ್ಲಿ ಹಸಿವು ಹೆಚ್ಚೋ ಏನೋ, ರಮಾಕಾಂತ ತಟ್ಟೆ ಬಳಿದು ತಿಂದ.

ಸ್ಟಾವ್ರೂಲಾ ಮತ್ತೆ ಬಂದರು. “ಇನ್ನಷ್ಟು?”

“ಅಯ್ಯೋ ಬೇಡ ಆಂಟಿ, ಸಾಕು,” ಎಂದು ರಮಾಕಾಂತ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದ.

ಸ್ಟಾವ್ರೂಲಾ ಅವನ ಕೈಗಳನ್ನು ನೊಣ ಓಡಿಸಿದಂತೆ ಸರಿಸಿ ಎರಡು ಸೌಟು ಹಾಕಿದರು. ಬೇಡ ಎಂದಷ್ಟೂ ಹಾಕಿದರು. ರಮಾಕಾಂತನ ಕಣ್ಣಲ್ಲಿ ನೀರು ಬಂತು. ಆಸ್ಟ್ರೇಲಿಯಾಕ್ಕೆ ಬಂದಮೇಲೆ ಅವನ ಬೇಡವನ್ನು ಅರ್ಥ ಮಾಡಿಕೊಂಡ ಮೊದಲ ಜೀವ ಇದು.

ಕ್ರೇಗ್ ನಕ್ಕ. “ಸ್ಟಾವ್ರೂಲಾ, ಅವನು ಬೇಡ ಅಂದ್ರೆ ಬೇಡ. ಬುಧವಾರ ಪ್ರಮೋಷನ್ ಕೊಡ್ತೀನಿ ಅಂದ್ರೆ ಅದನ್ನೂ ಬೇಡ ಅಂದ!”

“ಎಷ್ಟು ಸಲ ಕೇಳಿದೆ?”

“ಒಂದು ಸಲ.”

ಸ್ಟಾವ್ರೂಲಾ ಕಾಳಿನ ಪಾತ್ರೆಯನ್ನು ಧಡ್ಡನೆ ಮೇಜಿನ ಮೇಲಿಟ್ಟರು. “ಒಂದೇ ಸಲ ಕೇಳೋಕೆ ನೀನೇನು ಟಿಕೆಟ್ ಕೌಂಟರಾ? ಮೂರು ಸಲ ಕೇಳ್ಬೇಕು. ಮರ್ಯಾದಸ್ಥರು ಮೊದಲನೇ ಸಲಕ್ಕೆ ಹೂಂ ಅಂತಾರಾ? ಕೇಳು ಈಗ!”

ಕ್ರೇಗ್ ತಮಾಷೆಗೆಂದೇ ಕೇಳಿದ. “ಸರಿ. ರಾಮ್, ಟೀಮ್ ಲೀಡ್ ಆಗ್ತೀಯಾ?”

ಇಡೀ ಮೇಜು ರಮಾಕಾಂತನತ್ತ ತಿರುಗಿತು. ಹೂಂ ಎಂದರೆ ಸಾಕು, ಕೆಲಸ ಕೈಯಲ್ಲಿ. ಅವನು ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದ. “ಅಯ್ಯೋ, ಪರವಾಗಿಲ್ಲ ಕ್ರೇಗ್, ಡ್ಯಾರೆನ್ ಇದಾನಲ್ಲ…” ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದು ಸುಳ್ಳೇ?

“ನೋಡಿದ್ರಾ?” ಎಂದು ಕ್ರೇಗ್ ಡ್ಯಾರೆನ್‌ಗೆ ಫೋನ್ ಮಾಡಲು ಮೊಬೈಲು ತೆಗೆದ. ಸ್ಟಾವ್ರೂಲಾ ಅದನ್ನು ಕಸಿದು ತಮ್ಮ ಏಪ್ರನ್ನಿನ ಜೇಬಿಗೆ ಇಳಿಸಿಬಿಟ್ಟರು. “ಅದು ಎರಡನೇದು. ಇನ್ನೊಂದಿದೆ. ಈ ಸಲ ಮನಸ್ಸಿಟ್ಟು ಕೇಳು.”

ಮೊಬೈಲು ಹೋದ ಕ್ರೇಗ್‌ಗೆ ಬೇರೆ ದಾರಿ ಇರಲಿಲ್ಲ. ಅವನು ಉಸಿರೆಳೆದುಕೊಂಡು ರಮಾಕಾಂತನ ಕಡೆ ಬಾಗಿದ. “ನೋಡು ರಾಮ್, ನಿಜ ಹೇಳ್ತೀನಿ. ಡ್ಯಾರೆನ್‌ಗೆ ಈ ಕೆಲಸದ ತಲೆಬುಡ ಗೊತ್ತಿಲ್ಲ. ಏನೇ ಕೆಟ್ರೂ ಎಲ್ಲರೂ ನಿನ್ನ ಹತ್ರಾನೇ ಬರ್ತಾರೆ, ನಾನೂ ಬರ್ತೀನಿ. ನೀನೇ ಆಗ್ಬೇಕು. ಪ್ಲೀಸ್.”

ರಮಾಕಾಂತನಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೂ ಅವಸರ ಮಾಡಲಿಲ್ಲ. ಬಾಯಲ್ಲಿದ್ದ ಕಾಳು ನುಂಗಿ, ನೀರು ಕುಡಿದು, ತಟ್ಟೆಯನ್ನೇ ನೋಡುತ್ತ ನಾಚಿಕೊಂಡು ಹೇಳಿದ: “ನೀವು ಇಷ್ಟೊಂದು ಬಲವಂತ ಮಾಡ್ತಿದ್ದೀರಾ ಅಂದ್ಮೇಲೆ… ಸರಿ, ಸ್ವಲ್ಪ.”

“ಸ್ವಲ್ಪ?” ಕ್ರೇಗ್ ಕಂಗಾಲಾದ. “ಸ್ವಲ್ಪ ಟೀಮ್ ಲೀಡ್ ಆಗೋದು ಅಂದ್ರೇನು? ವಾರಕ್ಕೆ ಎರಡು ದಿನಾನಾ?”

ಸ್ಟಾವ್ರೂಲಾ ಪಕ್ಕದಲ್ಲಿದ್ದ ನಿಂಬೆ ಹಾಕಿ ಹುರಿದ ಆಲೂಗಡ್ಡೆಯ ಪಾತ್ರೆಯನ್ನು ಎತ್ತಿ ಕ್ರೇಗನ ತಟ್ಟೆಗೆ ಸುರಿದರು. ತಟ್ಟೆ ತುಂಬಿತು, ಗುಡ್ಡೆಯಾಯಿತು, ಎರಡು ತುಂಡು ಅವನ ತೊಡೆಯ ಮೇಲೆ ಉರುಳಿದವು. ಪಾತ್ರೆ ಪೂರ್ತಿ ಖಾಲಿಯಾದ ಮೇಲೆ ಅವರು ಕೈ ಒರೆಸಿಕೊಂಡರು.

“ಸ್ವಲ್ಪ ಅಂದ್ರೆ ಇಷ್ಟು,” ಎಂದರು.

ಕ್ರೇಗ್ ಆ ಗುಡ್ಡೆಯನ್ನೊಮ್ಮೆ, ರಮಾಕಾಂತನನ್ನೊಮ್ಮೆ ನೋಡಿದ. ಆಮೇಲೆ ಗುಡ್ಡೆಯ ಮೇಲಿನಿಂದಲೇ ಕೈ ಚಾಚಿದ. ರಮಾಕಾಂತ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡ, ಬಿಡಲಿಲ್ಲ.